ನೀರವ್ವ ತೋರಿಸಿದ ಜಲ್ಲಿ ದಾರಿ

ಆಕೆಯ ಎಡಗಾಲಿನಲ್ಲಿ ಮಾತ್ರ ಬೆಳ್ಳಿಯ ಕಡಗವಿತ್ತು. ಬಲಗಾಲು ಬೋಳು. ಮೊದಲ ಸಲ ನೋಡಿದವರು ಇನ್ನೊಂದು ಕಳೆದುಹೋಗಿರಬೇಕು ಎಂದುಕೊಳ್ಳುತ್ತಿದ್ದರು. ನಾನೂ ಹಾಗೇ ತಿಳಿದು ಒಳಗೊಳಗೇ ಮರುಗಿದ್ದೆ. ಒಂದು ದಿನ ಕೇಳಿಯೇಬಿಟ್ಟಾಗ ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಚೈನು ಬಲಕ್ಕ ಐತಲ್ರಿ ಅಕ್ಕೋರ. ಸಿಕ್ಕೊಂಡ್ರ ಕಡಗಾನೂ ಹೋಗ್ತೈತಿ, ಕಾಲೂ ಹೋಗ್ತೈತಿ. ಅದಕ್ಕ ಟ್ರಂಕಿನ್ಯಾಗ ಇಟ್ಟೀನಿ."

ಸೈಕಲ್ಲಿಗಾಗಿ ಒಂದು ಕಾಲಿನ ಕಡಗ ಬಿಚ್ಚಿಟ್ಟ ಹೆಂಗಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೂ ಕಂಡಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾವು ಆಗ ಮರಾಠಿ ನಾಡಿನ ನೆರೂಳಿನಲ್ಲಿದ್ದೆವು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಅಂಚಿಗೆ ಹೊಸ ರಸ್ತೆಯೊಂದು ಏಳುತ್ತಿತ್ತು. ಏಳುತ್ತಿತ್ತು ಅನ್ನುವುದೇ ಹೆಚ್ಚು. ಎರಡು ವರ್ಷದಿಂದ ಮುರುಮ್ ಮಣ್ಣಿನ ಮೇಲೆ ಜಲ್ಲಿ ಸುರಿಯುತ್ತಲೇ ಇದ್ದರು. ಎರಡು ಕೊನೆಗೂ ದೊಡ್ಡ ಕಲ್ಲುಗಳನ್ನು ಅಡ್ಡ ಹಾಕಿದ್ದರಿಂದ ಬಸ್ಸಿಲ್ಲ, ರಿಕ್ಷಾ ಇಲ್ಲ. ಕಂಟ್ರಾಕ್ಟರನ ಲಾರಿಗಳು ಪಕ್ಕದ ಕಚ್ಚಾ ದಾರಿಯಿಂದ ಮಧ್ಯಾಹ್ನದ ಮೇಲೆ ಬರುತ್ತಿದ್ದವು. ಬೆಳಿಗ್ಗೆ ಆ ಆರು ಕಿಲೋಮೀಟರ್ ಪೂರಾ ಕೊಕ್ಕರೆಗಳದ್ದು, ಮೀನುಬುಟ್ಟಿ ಹೊತ್ತ ಕೋಳಿ ಜಾತಿಯ ಹೆಂಗಸರದ್ದು, ನೀರವ್ವನದ್ದು.

ರಸ್ತೆ ಕೆಲಸದ ಗ್ಯಾಂಗಿನವರೆಲ್ಲ ಆಕೆಯನ್ನು ನೀರವ್ವ ಎನ್ನುತ್ತಿದ್ದರು. ವಿಜಾಪುರದ ಕಡೆಯ ಮಂದಿ, ಖಾಡಿಯ ದಂಡೆಗೆ ತಗಡಿನ ಜೋಪಡಿ ಹಾಕಿಕೊಂಡಿದ್ದರು. ನಮ್ಮ ಸೆಕ್ಟರಿನ ನಲ್ಲಿಯಿಂದ ಎರಡು ಕ್ಯಾನು ನೀರು ತುಂಬಿ, ಸೈಕಲ್ಲಿನ ಎರಡು ಬದಿಗೆ ನೇತುಹಾಕಿ, ಗ್ಯಾಂಗು ಆವತ್ತು ಎಲ್ಲಿದೆಯೋ ಅಲ್ಲಿಗೆ ಮುಟ್ಟಿಸುವುದು ಆಕೆಯ ಕೆಲಸ. ನಲವತ್ತೈದು ದಾಟಿತ್ತೋ ಏನೋ. ಕಚ್ಚೆ ಸೀರೆ ಉಟ್ಟು ಗಂಡಸರ ಸೈಕಲ್ಲಿನ ಅಡ್ಡದಂಡದ ಮೇಲಿಂದ ಕಾಲು ಹಾಕಿ ಹತ್ತುತ್ತಿದ್ದ ಠೀವಿ ನೋಡಿಯೇ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಹೊಟ್ಟೆಕಿಚ್ಚಿಗೆ ಕಾರಣವಿತ್ತು. ಉಡುಪಿಯ ಕಡೆ ಶಿಕ್ಷಕಿಯರ ತರಬೇತಿ ಮುಗಿಸಿದ ಮರುವರ್ಷವೇ ಮದುವೆಯಾಗಿ ಇಲ್ಲಿಗೆ ಬಂದವಳು ನಾನು. ಏಳು ವರ್ಷ ಮೂರನೇ ಮಾಳಿಗೆಯ ಎರಡು ಕೋಣೆಯಲ್ಲಿ ಕಳೆದಿದ್ದೆ. ಲೆಟರ್‌ಬಾಕ್ಸಿನ ಮೇಲೆ ಗಂಡನ ಹೆಸರು, ರೇಷನ್ ಕಾರ್ಡಿನಲ್ಲಿ ಗಂಡನ ಹೆಸರಿನ ಕೆಳಗೆ ನಾನು. ಒಂದು ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ನೋಡಬೇಕು ಎಂಬ ಆಸೆ ಯಾರಿಗೂ ಹೇಳಲಾರದ ಹಾಗೆ ಬೆಳೆದಿತ್ತು. ಆ ವರ್ಷ ದೀಪಾವಳಿಯ ನಂತರ ಬೇಲಾಪುರದ ಆಚೆಗಿನ ಒಂದು ಕೋಳಿವಾಡೆಯ, ಆ ಮೀನುಗಾರರ ಕೇರಿಯ, ಬಾಲವಾಡಿಯಲ್ಲಿ ಕೆಲಸ ಸಿಕ್ಕಿತು. ಜೂನ್ ಕೊನೆಯವರೆಗೆ ನೋಡುತ್ತೇವೆ, ಆಮೇಲೆ ಕಾಯಂ ಮಾಡುವುದೋ ಬಿಡುವುದೋ ಎಂದರು. ಅಲ್ಲಿಯವರೆಗೆ ಹೆಸರು ಪುಸ್ತಕಕ್ಕೆ ಏರುವುದಿಲ್ಲ, ಬೇರೆ ಹಾಳೆಯಲ್ಲಿ ಸಹಿ.

ಬಾಲವಾಡಿ ಎಂಟಕ್ಕೆ ಶುರು. ಬಸ್ಸು ಹೈವೇ ಸುತ್ತಿ, ನಡುವೆ ಒಮ್ಮೆ ಬದಲಾಯಿಸಿ ಮುಟ್ಟುವಾಗ ಎಂಟೂ ಮುಕ್ಕಾಲು. ಮೊದಲ ತಿಂಗಳಲ್ಲೇ ಎರಡು ಸಲ ತಡವಾಯಿತು. ಅಲ್ಲಿ ಟೀಚರನ್ನು ಬಾಯಿ ಎನ್ನುತ್ತಾರೆ; ಹಿರಿಯ ಬಾಯಿ ಮರಾಠಿಯಲ್ಲಿ ಬಹಳ ಮೆತ್ತಗೆ, ಮೂರನೇ ಸಲ ಆದರೆ ತಾನೇನೂ ಮಾಡಲಾರೆ ಎಂದರು. ಗದರಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ನನ್ನ ಗಂಡ ತಾವು ಕೆಲಸ ಮಾಡುವ ಹೋಟೆಲಿನ ಹಾಲು ತರುವ ಹಳೆಯ ಸೈಕಲ್ ತಂದುಕೊಟ್ಟರು. "ಖಾಡಿ ಕಡೆಯ ದಾರಿಯಲ್ಲಿ ಅರ್ಧ ಗಂಟೆ ಸಾಕು" ಎಂದರು. ಅತ್ತೆ ಮಾತ್ರ ತಟ್ಟೆ ಇಡುವ ಸದ್ದಿನಲ್ಲೇ ಉತ್ತರ ಕೊಟ್ಟರು. "ಹೆಂಗಸರು ಸೈಕಲ್ ಬಿಡುವುದಾ? ಬಿದ್ದು ಕಾಲು ಮುರಿದರೆ ಬಾಲವಾಡಿಯವರು ಬಂದು ಗಂಜಿ ಕೊಡ್ತಾರಾ?"

ಚಿಕ್ಕವಳಿದ್ದಾಗ ಅಣ್ಣನ ಸೈಕಲ್ಲಿನಲ್ಲಿ ಅಂಗಳಕ್ಕೆ ನಾಲ್ಕು ಸುತ್ತು ಹಾಕಿದ್ದೇ ನನ್ನ ಬಂಡವಾಳ. ಚೂಡಿದಾರ ತೊಟ್ಟು, ಬಾಲವಾಡಿಯಲ್ಲಿ ಉಡಬೇಕಾದ ಸೀರೆಯನ್ನು ಚೀಲಕ್ಕೆ ತುಂಬಿ, ಎರಡು ಚಕ್ರಕ್ಕೂ ಗಟ್ಟಿಯಾಗಿ ಗಾಳಿ ಹೊಡೆಸಿಕೊಂಡು ಹೊರಟೆ. ಜಲ್ಲಿಯ ಮೇಲೆ ನೂರು ಮಾರು ಹೋಗಿರಬೇಕು. ಸೈಕಲ್ಲು ಕಪ್ಪೆಯ ಹಾಗೆ ಜಿಗಿಯತೊಡಗಿತು. ಮುಂದೆ ನೀರವ್ವ ನೀರು ಹೇರಿಕೊಂಡು ಹೋಗುತ್ತಿದ್ದಳು. ಹೆದರಿ ಬ್ರೇಕ್ ಒತ್ತಿದೆ. ನೇರ ಹೋಗಿ ಆಕೆಯ ಮೇಲೆಯೇ ಬಿದ್ದೆ. ಕ್ಯಾನೊಂದು ಉರುಳಿ ನೀರೆಲ್ಲ ಕಲ್ಲಿನ ಸಂದಿಯಲ್ಲಿ ಇಳಿದುಹೋಯಿತು. ಅಷ್ಟು ದೂರದಲ್ಲಿ ಹದಿನೈದು ಮಂದಿ ಅದಕ್ಕಾಗಿ ಕಾಯುತ್ತಿದ್ದರು.

ಬೈಗುಳಕ್ಕೆ ಸಿದ್ಧಳಾಗಿ ಕಣ್ಣು ಮುಚ್ಚಿದ್ದೆ. "ನೀರ ಹೋದ್ರ ಮತ್ತ ತರಬಹುದ್ರಿ, ಏಳ್ರಿ" ಎಂದಳು ಆಕೆ. ನನ್ನ ಮೊಣಕಾಲನ್ನು ಉಳಿದ ಕ್ಯಾನಿನ ನೀರಿನಲ್ಲೇ ತೊಳೆದಳು. ಆಮೇಲೆ ನನ್ನ ಸೈಕಲ್ಲಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ತಲೆಯಾಡಿಸಿದಳು.

"ಇಷ್ಟ್ ಗಾಳಿ ಯಾಕ್ರಿ? ಇದೇನ ಡಾಂಬರ್ ರೋಡೇನು? ಒತ್ತಿದ್ರ ಹಣ್ಣ ಪೇರಲದ ಹಂಗ ಇರಬೇಕು." ಹೀಗೆಂದು ಅರ್ಧ ಗಾಳಿ ಬಿಟ್ಟೇಬಿಟ್ಟಳು.

ಮರುದಿನದಿಂದ ಏಳು ಗಂಟೆಗೆ ಆಕೆ ಕಲ್ಲಿನ ಅಡ್ಡದ ಹತ್ತಿರ ನನಗಾಗಿ ನಿಂತಿರುತ್ತಿದ್ದಳು. ನಾನು ಕೇಳಿಕೊಂಡಿರಲಿಲ್ಲ. ತನ್ನ ನೀರಿನ ಬಾಬ್ತು ಇದ್ದೇ ಇದೆ, ಜೊತೆಗೆ ಹೋದರಾಯಿತು ಎಂಬ ಲೆಕ್ಕ ಆಕೆಯದು. ಮುಂದೆ ಆಕೆ, ಹಿಂದೆ ನಾನು. "ಗಾಲಿ ನೋಡಬ್ಯಾಡ್ರಿ ಅಕ್ಕೋರ, ದೂರ ನೋಡ್ರಿ. ಗಾಲಿ ತಾನ ಬರ್ತೈತಿ." "ಹ್ಯಾಂಡಲ್ ಹಿಸಕಬ್ಯಾಡ್ರಿ, ಕೋಳಿಮರಿ ಹಿಡದಂಗ ಹಿಡೀರಿ." "ಜಲ್ಲಿ ಮ್ಯಾಲ ಬ್ರೇಕಿಗೆ ಕೈ ಹಾಕಿದ್ರ ನೆಲಾ ಮುದ್ದಾಡ್ತೀರಿ ನೋಡ್ರಿ." ಅವರ ಊರಿನಲ್ಲಿ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರಂತೆ. ನನಗಿಂತ ಹದಿನೈದು ವರ್ಷ ದೊಡ್ಡವಳು ನನ್ನನ್ನು ಹಾಗೆ ಕರೆಯುವಾಗ ನಾನು ಕಾಯಂ ಆಗಿಯೇಬಿಟ್ಟೆ ಅನ್ನಿಸುತ್ತಿತ್ತು.

ಹದಿನೈದು ದಿನ ಕಳೆಯುವಷ್ಟರಲ್ಲಿ ಆ ದಾರಿ ನನಗೆ ಒಲಿಯಿತು. ಚಕ್ರದ ಕೆಳಗೆ ಜಲ್ಲಿ ಹುರಿಗಡಲೆ ಜಗಿದ ಹಾಗೆ ಸದ್ದು ಮಾಡುತ್ತಿತ್ತು. ಎಡಕ್ಕೆ ಉಪ್ಪಿನ ಗದ್ದೆ, ಬಲಕ್ಕೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಪೊದೆ, ಅದರಾಚೆ ಖಾಡಿಯ ಮಣ್ಣುಬಣ್ಣದ ನೀರು. ನಾಲ್ಕನೇ ಕಿಲೋಮೀಟರಿನಲ್ಲಿ ಗುಡ್ಡದ ಮೂಗನ್ನು ಸಿಡಿಮದ್ದಿನಿಂದ ಕತ್ತರಿಸಿದ್ದರು; ಕರಿಗಲ್ಲಿನ ಒರಟು ಬಂಡೆಗಳು ನೇರ ನೀರಿಗೆ ಇಳಿದಿದ್ದವು. ಭರತಿಯ, ಅಂದರೆ ಸಮುದ್ರದ ನೀರೇರುವ, ಹೊತ್ತಿನಲ್ಲಿ ಅಲೆ ಅಲ್ಲಿ ಬಡಿದರೆ ಮುಖಕ್ಕೆ ಸಿಡಿಯುತ್ತಿತ್ತು. ಒಂದು ಹಾರ್ನಿಲ್ಲ, ಹೊಗೆಯಿಲ್ಲ. ಏಳು ವರ್ಷದಲ್ಲಿ ನಾನು ಯಾರ ಹಂಗೂ ಇಲ್ಲದೆ ಇದ್ದದ್ದು ದಿನಕ್ಕೆ ಆ ಅರ್ಧ ಗಂಟೆ. ಅದನ್ನು ನೆನೆದರೆ ಈಗಲೂ ಸುಖವಾಗುತ್ತದೆ.

ಆ ಬಂಡೆ ದಾಟಿದ ಮೇಲೆ ಇನ್ನೂರು ಹೆಜ್ಜೆಯಷ್ಟು ತಗ್ಗು. ಅಲ್ಲಿ ದಾರಿಯ ಅಂಚು ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಕೆಸರು. ಲಾರಿ ಡ್ರೈವರುಗಳಿಗೆ ತಿಳಿಯಲಿ ಎಂದು ನೀರವ್ವ ಬಿದಿರುಕೋಲು ನೆಟ್ಟು ಚಿಂದಿ ಕಟ್ಟುತ್ತಿದ್ದಳು. ಇದು ಯಾರೂ ಹೇಳಿದ ಕೆಲಸವಲ್ಲ. ಒಮ್ಮೆ ಅಲ್ಲಿ ಲಾರಿಯೊಂದು ಮಗುಚಿದ್ದನ್ನು ಕಂಡವಳು. "ಚಿಂದಿ ಒಳಗ ನೆಲಾ ಖರೇ, ಚಿಂದಿ ಆಚಿ ನೆಲಾ ಸುಳ್ಳ. ಇಷ್ಟ ನೆನಪಿಟ್ಕೊಳ್ರಿ" ಎನ್ನುತ್ತಿದ್ದಳು. ಹಳೆಯ ಚಿಂದಿ ಬಿಸಿಲಿಗೆ ಬಿಳಚಿ, ಮಂಜಿನಲ್ಲಿ ಕಾಣದೇ ಹೋಗುತ್ತಿತ್ತು. ಅದೊಂದು ಆಕೆಗೆ ದೊಡ್ಡ ತಲೆನೋವು.

ನನ್ನ ಉಡುಗೆಯ ಬಗ್ಗೆ ಆಕೆಗೆ ತಮಾಷೆ. ದಿನವೂ ಸೀರೆ ಚೀಲದಲ್ಲಿ ಹೊತ್ತು ಹೋಗುವುದನ್ನು ನೋಡಿ, "ನಮ್ಮ ಸೀರಿಗೆ ಕಾಲ ಅದಾವು, ನಿಮ್ಮ ಸೀರಿಗಿಲ್ಲ. ಪಾಪ, ಹೊತ್ಕೊಂಡ ಹೋಗಬೇಕು" ಎನ್ನುತ್ತಿದ್ದಳು.

ಇಷ್ಟು ಕೇಳಿಯೂ ನಾನು ಮಾಡಿದ ದಡ್ಡತನ ನೋಡಿ. ಮೇ ಕೊನೆಗೆ ಮಳೆಗಾಲಕ್ಕೆಂದು ಕೆಲಸ ನಿಂತು, ಗ್ಯಾಂಗು ಕಲ್ಯಾಣದ ಕಡೆ ಬೇರೆ ಸೈಟಿಗೆ ಹೊರಟಿತು. ನಾನು ಉಲ್ಹಾಸನಗರದ ಪೇಟೆಗೆ ಹೋಗಿ ಆಕೆಗೊಂದು ಸೀರೆ ತಂದೆ. ಪಾಲಿಸ್ಟರ್, ಕಣ್ಣು ಕುಕ್ಕುವ ರಾಣಿ ಬಣ್ಣ. ಸೀರೆ ಎಂದರೆ ನನ್ನ ತಲೆಯಲ್ಲಿ ಆರು ಗಜದ್ದೇ. ಆಕೆ ಮಡಿಕೆ ಬಿಚ್ಚಿ ಉದ್ದ ನೋಡಿದ ಕೂಡಲೇ ನನಗೆ ಹೊಳೆಯಿತು. ಕಚ್ಚೆಗೆ ಒಂಬತ್ತು ಗಜ ಬೇಕು. ಇದನ್ನು ಆಕೆ ಉಡುವ ಹಾಗೇ ಇಲ್ಲ. ನಾಚಿಕೆಯಾಯಿತು. ಬದಲಾಯಿಸಿ ತರುತ್ತೇನೆ ಎಂದೆ.

"ಏ, ಬ್ಯಾಡ್ರಿ. ಕೊಟ್ಟದ್ದ ತಿರುಗಿ ಒಯ್ತಾರೇನು?" ಎಂದು ಆಕೆ ಬಟ್ಟೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು. "ಇದು ನೀರಿಗೆ ಬಣ್ಣಾ ಬಿಡೂದಿಲ್ಲಲ್ರಿ?"

"ಇಲ್ಲ ಅಂದಿದ್ದಾನೆ ಅಂಗಡಿಯವ."

"ಚಲೋ ಆತು." ಸೀರೆ ಮಡಚುತ್ತ ಕೇಳಿದಳು, "ಜೂನಿನ್ಯಾಗ ನೀವು ಇದ ದಾರಿಲೆ ಬರ್ತೀರೇನ್ರಿ? ಮಳಿ, ಭರತಿ ಎರಡೂ ಕೂಡತಾವು."

"ಬರಲೇಬೇಕು ನೀರವ್ವ. ಅದೇ ತಿಂಗಳು ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತಾರೆ."

ಆಕೆ ತಲೆಯಾಡಿಸಿ ಸೀರೆಯನ್ನು ಕಂಕುಳಿಗೆ ಇಟ್ಟುಕೊಂಡು ಹೋದಳು. ಮರುದಿನ ಜೋಪಡಿಗಳಿದ್ದ ಜಾಗದಲ್ಲಿ ಮೂರು ಕಲ್ಲಿನ ಒಲೆಗಳು ಮಾತ್ರ ಇದ್ದವು.

ಬೇಸಿಗೆ ರಜೆ ಮುಗಿದು ಬಾಲವಾಡಿ ಮತ್ತೆ ತೆರೆಯುವ ದಿನ; ರಜೆಯಲ್ಲಿ ನಾನು ಆ ದಾರಿ ಹಿಡಿದಿರಲಿಲ್ಲ. ಬಾಲವಾಡಿ ನಡೆಸುವ ಸಮಿತಿಯವರು ನಮ್ಮನ್ನು ನೋಡಲು ಬರುವುದೂ ಅಂದೇ. ಹಿಂದಿನ ದಿನದಿಂದ ಬಿಡದ ಮಳೆ, ಮೇಲೆ ಅಮಾವಾಸ್ಯೆಯ ಭರತಿ. ನಾನು ಕರಿಬಂಡೆ ಸುತ್ತಿ ನೋಡಿದರೆ ಮುಂದೆ ದಾರಿಯೇ ಇಲ್ಲ. ಖಾಡಿ, ದಾರಿ, ಉಪ್ಪಿನ ಗದ್ದೆ ಎಲ್ಲ ಒಂದೇ ನೀರು. ಏಳೂವರೆಯಾಗಿತ್ತು. ಹಿಂದಿರುಗಿ ಬಸ್ಸು ಹಿಡಿದರೆ ಮೂರನೇ ಸಲ ತಡ, ಅಲ್ಲಿಗೆ ಮುಗಿಯಿತು. ಮುಂದೆ ಹೋದರೆ ಅಂಚು ಎಲ್ಲಿ ಎಂದು ಹೇಳುವವರು ಯಾರು? ಸೈಕಲ್ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡಾಗ ಸ್ವಲ್ಪ ಮುಂದೆ ಬಿದಿರುಕೋಲಿನ ತುದಿಯಲ್ಲಿ ಏನೋ ರಾಣಿ ಬಣ್ಣದ್ದು ಹಾರುವುದು ಕಂಡಿತು. ಗುರುತು ಹತ್ತಿತು. ಮೊದಲು ಬಂದದ್ದು ಸಿಟ್ಟು, ಅದನ್ನು ಮುಚ್ಚಿಡುವುದಿಲ್ಲ. ನಾನು ಆಸೆಯಿಂದ ತಂದ ಸೀರೆಯನ್ನು ಹರಿದು ಚಿಂದಿ ಮಾಡಿದ್ದಾಳೆ! ಆಮೇಲೆ ಎದುರು ಬದಿಯಲ್ಲಿ ಇನ್ನೊಂದು ಕಂಡಿತು. ಅದರ ಮುಂದೆ ಇನ್ನೊಂದು ಜೊತೆ, ಅದರಾಚೆ ಮತ್ತೊಂದು. ನಾಲ್ಕು ಬೆರಳಗಲದ ಪಟ್ಟಿಗಳು, ಎರಡು ಸಾಲಾಗಿ, ತಗ್ಗಿನ ಕೊನೆಯವರೆಗೆ. ಅಷ್ಟು ಮಳೆಯಲ್ಲೂ ಬಣ್ಣ ಬಿಟ್ಟಿರಲಿಲ್ಲ.

ಚಿಂದಿ ಒಳಗೆ ನೆಲ ಖರೆ. ಮೊಣಕಾಲುದ್ದದ ನೀರಿನಲ್ಲಿ ಸೈಕಲ್ ತಳ್ಳಿಕೊಂಡು, ಎರಡು ಸಾಲಿನ ನಡುವೆ ಗಟ್ಟಿ ಜಲ್ಲಿಯ ಮೇಲೆ ಹೆಜ್ಜೆ ಇಡುತ್ತ ದಾಟಿದೆ. ಎಂಟಕ್ಕೆ ಮೂರು ನಿಮಿಷ ಇರುವಾಗ ಬಾಲವಾಡಿಯ ಬಾಗಿಲಲ್ಲಿದ್ದೆ. ಆ ತಿಂಗಳ ಕೊನೆಗೆ ಹಿರಿಯ ಬಾಯಿ ಹಾಜರಿ ಪುಸ್ತಕ ನನ್ನ ಮುಂದಿಟ್ಟು, ನನ್ನ ಹೆಸರನ್ನು ನನ್ನ ಕೈಯಿಂದಲೇ ಬರೆಸಿದರು.

ಮಳೆಗಾಲ ಕಳೆದ ಮೇಲೆ ಒಂದು ಡಬ್ಬಿ ತುಂಬ ಉಂಡೆ ಕಟ್ಟಿಕೊಂಡು, ಒಂಬತ್ತು ಗಜದ ಇಳಕಲ್ ಸೀರೆಯೊಂದನ್ನು ಹುಡುಕಿ ತಂದುಕೊಂಡು ಕಲ್ಯಾಣಕ್ಕೆ ಹೋದೆ. ಮೂರು ಸೈಟು ತಿರುಗಿದೆ. ಕೊನೆಯದರಲ್ಲಿ ವಿಜಾಪುರದ ಕಡೆಯವನೇ ಆದ, ಗ್ಯಾಂಗಿನ ಮೇಲ್ವಿಚಾರಕ ಮುಕಾದಮ ಸಿಕ್ಕಿದ. ನೀರವ್ವ ಎಲ್ಲಿ ಎಂದು ಕೇಳಿದೆ.

"ಯಾವ ನೀರವ್ವ ರೀ? ಎಲ್ಲಾ ಗ್ಯಾಂಗಿನ್ಯಾಗೂ ಒಬ್ಬಾಕಿ ನೀರವ್ವ ಇರ್ತಾಳ. ಹೆಸರೇನ ಆಕೀದು?"

ಹೆಸರು ನನಗೆ ಗೊತ್ತಿರಲಿಲ್ಲ. ಎಡಗಾಲಿಗೆ ಮಾತ್ರ ಕಡಗ, ಸೈಕಲ್ ಹೊಡೆಯುತ್ತಾಳೆ, ಚಿಂದಿ ಕಟ್ಟುತ್ತಾಳೆ ಎಂದೆಲ್ಲ ತೊದಲಿದೆ. ಅವನು ಪಾಪ ಎಂಬಂತೆ ನನ್ನ ಕೈಯ ಡಬ್ಬಿಯನ್ನು ನೋಡಿದ.

ಆ ದಾರಿಗೆ ಆಮೇಲೆ ಡಾಂಬರು ಬಿತ್ತು, ಕಲ್ಲು ಸರಿಸಿದರು, ವಾಹನಗಳು ಬಂದವು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಇಪ್ಪತ್ತೆರಡು ವರ್ಷ ಇತ್ತು. ಇಳಕಲ್ ಸೀರೆ ಇವತ್ತಿಗೂ ನನ್ನ ಕಪಾಟಿನಲ್ಲಿದೆ. ಐದು ತಿಂಗಳು ದಿನವೂ ಜೊತೆಗೆ ಸೈಕಲ್ ಹೊಡೆದೆವು. ಒಂದು ಹೆಸರಿಗಾಗಿ ಅಷ್ಟು ಹಂಬಲಿಸಿದವಳು ನಾನು, ಆಕೆಯದನ್ನು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದಳು.