ಆಂಟಿಯ ಬಾಣಲೆ, ಅಮ್ಮನ ಮೀನುಸಾರು

ಸುಳ್ಳು ಹೇಳಿದ್ದು ಲಿಫ್ಟಿನಲ್ಲಿ. ಸಿಂಗಪುರದ ಆಂಗ್ ಮೋ ಕಿಯೋದ ಈ ಮನೆಗೆ ನಾವು ಶಿಫ್ಟ್ ಆಗಿ ಒಂದು ವಾರವಾಗಿತ್ತು. ಮಗಳಿನ್ನೂ ಸೊಂಟದ ಮೇಲಿನ ಕೂಸು. ಎದುರುಮನೆಯ ಚೀನೀ ಆಂಟಿ ನಮ್ಮಿಬ್ಬರನ್ನೂ ನೋಡಿ ನಕ್ಕು, "ಕ್ರಿಸ್‌ಮಸ್ ದಿನ ನಮ್ಮನೆಗೆ ಊಟಕ್ಕೆ ಬನ್ನಿ ಲಾ. ನೀವು ವೆಜಿಟೇರಿಯನ್ನಾ?" ಎಂದರು. ನಾನು ಒಂದು ಕ್ಷಣವೂ ಯೋಚಿಸದೆ "ಹೌದು ಆಂಟಿ" ಎಂದುಬಿಟ್ಟೆ. ನಾವು ಬೆಂಗಳೂರಿನ ಯಹೂದಿಗಳು, ಹಂದಿ ಮುಟ್ಟುವುದಿಲ್ಲ, ಸಿಗಡಿ ಏಡಿ ತಿನ್ನುವುದಿಲ್ಲ, ಮಾಂಸದ ಅಡುಗೆಗೆ ಹಾಲು ಮೊಸರು ಬೆರೆಸುವುದಿಲ್ಲ, ಆದರೆ ಹುರುಪೆಯಿರುವ ಮೀನೆಂದರೆ ಪ್ರಾಣ ಬಿಡುತ್ತೇವೆ ಎಂದೆಲ್ಲ ವಿವರಿಸಲು ಹದಿನಾಲ್ಕು ಮಹಡಿ ಸಾಲದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ವರ್ಷ ಕ್ರಿಸ್‌ಮಸ್ ದಿನ ಆಂಟಿಯ ಮನೆಗೆ ಹೋದರೆ, ಮೇಜಿನ ಒಂದು ತುದಿಯಲ್ಲಿ ಅವರ ಹಂದಿಮಾಂಸದ ಅಡುಗೆ, ಇನ್ನೊಂದು ತುದಿಯಲ್ಲಿ ನಮಗೆಂದೇ ಅಣಬೆ, ತೋಫು ಹಾಕಿದ ಅಕ್ಕಿ ಶಾವಿಗೆ. "ಬೇರೆ ಬಾಣಲೇಲಿ ಮಾಡಿದ್ದು, ಭಯ ಪಡ್ಬೇಡ" ಎಂದು ಆಂಟಿ ಕೈಹಿಡಿದು ಅಡುಗೆಮನೆಗೆ ಕರೆದೊಯ್ದು ತೋರಿಸಿದರು. ನಮಗೋಸ್ಕರ ಹೊಸ ಬಾಣಲೆ ಕೊಂಡಿದ್ದರು. ಹಬ್ಬ ಮುಗಿದ ಮೇಲೆ ಅದನ್ನು ತೊಳೆದು, ಪೇಪರಿನಲ್ಲಿ ಸುತ್ತಿ, ಅಟ್ಟದ ಮೇಲಿಡುತ್ತಿದ್ದರು. ವರ್ಷಕ್ಕೊಮ್ಮೆ ಇಳಿಸುವುದು, ನಮಗಾಗಿ ಮಾತ್ರ. ಸಾಸ್ ಬಾಟಲಿಯ ಹಿಂದಿನ ಸಣ್ಣಕ್ಷರಗಳನ್ನು ಕನ್ನಡಕ ಏರಿಸಿಕೊಂಡು ಓದಿ, ಸಿಂಪಿಯ ಸಾಸ್ ಬಿಟ್ಟು ಅಣಬೆಯದನ್ನು ತರುತ್ತಿದ್ದರು. ನಿಜ ಹೇಳುತ್ತೇನೆ, ನನ್ನ ಸುಳ್ಳಿನ ದೆಸೆಯಿಂದ ನಮ್ಮ ಧರ್ಮದ ಊಟದ ಕಟ್ಟಳೆಗಳಿಗೆ ಅಲ್ಲಿ ಯಾವ ಭಂಗವೂ ಬರಲಿಲ್ಲ. ನಾನು ಹೊಟ್ಟೆ ತುಂಬ ಉಂಡು, ಸುಖವಾಗಿಯೇ ಮನೆಗೆ ಬರುತ್ತಿದ್ದೆ.

ಆದರೆ ಒಂದು ಸುಳ್ಳನ್ನು ಸಾಕುವುದು ಕತ್ತೆಯನ್ನು ಸಾಕುವಷ್ಟು ಕೆಲಸ. ಶುಕ್ರವಾರ ಸಂಜೆ ನಮ್ಮ ವಾರದ ಪವಿತ್ರ ದಿನದ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಮೀನಿನ ಊಟವಾಗಲೇಬೇಕು. ಮನೆಯ ಕೆಳಗಿನ ಮಾರ್ಕೆಟ್ಟಿನಲ್ಲಿ ಆಂಟಿಯ ಕಣ್ಣಿಗೆ ಬಿದ್ದರೆ ಎಂದು ನಾನು ಎಂಆರ್‌ಟಿ ರೈಲು ಹತ್ತಿ ವುಡ್‌ಲ್ಯಾಂಡ್ಸಿಗೆ ಹೋಗಿ ಪಾಂಫ್ರೆಟ್ ತಂದು, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಅಡಗಿಸಿ ಮನೆಯೊಳಗೆ ಸಾಗಿಸುತ್ತಿದ್ದೆ. ಬಾಗಿಲು, ಕಿಟಕಿ ಮುಚ್ಚಿ ಹುರಿಯುತ್ತಿದ್ದೆ. ಒಮ್ಮೆ ಆಂಟಿ ಕಾರಿಡಾರಿನಲ್ಲಿ ಮೂಗರಳಿಸಿ, "ಯಾರೋ ಮೀನು ಮಾಡ್ತಿದ್ದಾರೆ, ಘಮ್ ಅಂತಿದೆ" ಎಂದಾಗ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಮುಂಬಾಗಿಲ ಚೌಕಟ್ಟಿಗೆ ಹೊಡೆಯಬೇಕಾದ ಮೆಝೂಝಾವನ್ನು, ಎಂದರೆ ಪ್ರಾರ್ಥನೆಯ ಸುರುಳಿಯಿರುವ ಆ ಪುಟ್ಟ ಕೊಳವೆಯನ್ನು, ಮಲಗುವ ಕೋಣೆಯ ಬಾಗಿಲಿಗೆ ಹೊಡೆದುಕೊಂಡಿದ್ದೆ. ಆಫೀಸಿನ ಮೈಸೂರಿನವರೂ ನನ್ನನ್ನು ವೆಜಿಟೇರಿಯನ್ನೆಂದು ನಂಬಿ ತಮ್ಮ ಜಾತಿಯವಳೆಂದೇ ತಿಳಿದಿದ್ದರು. ನಾನು ತಿದ್ದಲಿಲ್ಲ.

ವರ್ಷ ಕಳೆದಂತೆ ನಿಜ ಹೇಳುವುದು ಸುಲಭವಾಗುವ ಬದಲು ಕಷ್ಟವಾಯಿತು. ಆ ಹೊತ್ತಿಗೆ ಆಂಟಿ ಬರೀ ಎದುರುಮನೆಯವರಾಗಿ ಉಳಿದಿರಲಿಲ್ಲ. ಸ್ಕೂಲು ಬಿಟ್ಟ ಮೇಲೆ ಮಗಳು ಇರುವುದು ಅವರ ಮನೆಯಲ್ಲೇ. ಅವಳು ಅವರನ್ನು ಕರೆಯುವುದು ಪೋಪೋ, ಎಂದರೆ ಅಜ್ಜಿ ಎಂದು. ಮೀನಿನ ಸುದ್ದಿ ಪೋಪೋ ಮುಂದೆ ಎತ್ತಬಾರದೆಂದು ಅವಳಿಗೂ ಕಲಿಸಿಟ್ಟಿದ್ದೆ. ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಬಟ್ಟೆ ಹಾಕಿದವರು ಅವರು. ಈ ಊರಿನಲ್ಲಿ ನನಗಿದ್ದ ಒಬ್ಬ ಹಿರಿಯರು. ಇಷ್ಟು ವರ್ಷ ಮೋಸ ಮಾಡಿದೆ ಎಂದು ಗೊತ್ತಾದರೆ ಅವರು ಬಾಗಿಲು ಹಾಕಿಕೊಂಡುಬಿಡುತ್ತಾರೆ, ಮಗಳ ಅಜ್ಜಿಯನ್ನು ನಾನೇ ಕಳೆದಂತಾಗುತ್ತದೆ ಎಂಬ ಹೆದರಿಕೆ ನನಗೆ ನಿಜವಾಗಿಯೂ ಇತ್ತು.

ಎಂಟು ವರ್ಷ ತುಂಬಿದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಅಮ್ಮ ಬಂದಳು. ಆ ಸಲ ನಮ್ಮ ಹನುಕ್ಕಾ, ಎಂಟು ದಿನದ ದೀಪದ ಹಬ್ಬ, ಕ್ರಿಸ್‌ಮಸ್ ಸಂಜೆಯೇ ಶುರುವಾಗುವುದಿತ್ತು. ವೆಜಿಟೇರಿಯನ್ ವಿಷಯ ಅಮ್ಮನಿಗೆ ಹೇಳಲು ನಾಚಿಕೆಯಾಗಿ ನಾಳೆ, ನಾಡಿದ್ದು ಎಂದು ತಳ್ಳುತ್ತಾ ಬಂದೆ. ಕ್ರಿಸ್‌ಮಸ್ ಬೆಳಿಗ್ಗೆ ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯಲ್ಲಿ ಶಿಫ್ಟ್ ಇದ್ದುದರಿಂದ ಗಂಡ ಕಂಪನಿ ಬಸ್ ಹತ್ತಿ ಹೋದರು. ನಾನು ಆಂಟಿಗೆ ಹೂವು ತರಲೆಂದು ಕೆಳಗಿಳಿದೆ. ಒಂದು ಗಂಟೆ ಬಿಟ್ಟು ಲಿಫ್ಟಿನಿಂದ ಹೊರಬಂದರೆ ಕಾರಿಡಾರಿನ ತುಂಬ ಹಸಿರು ಮಸಾಲೆ, ತೆಂಗಿನ ಹಾಲು, ಮೀನಿನ ಪರಿಮಳ. ನಮ್ಮ ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಅಮ್ಮನೂ ಇಲ್ಲ, ಮಗಳೂ ಇಲ್ಲ, ಒಲೆಯ ಮೇಲೆ ಪಾತ್ರೆಯೂ ಇಲ್ಲ. ಹಬ್ಬದ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಫ್ರಿಜ್ಜಿನಲ್ಲಿದ್ದ ಶುಕ್ರವಾರದ ಪಾಂಫ್ರೆಟ್ ತೆಗೆದು ಸಾರು ಮಾಡಿ, ಅಮ್ಮ ಮೊಮ್ಮಗಳನ್ನು ಕರೆದುಕೊಂಡು ಎದುರುಮನೆಗೆ ಹೊರಟೇಹೋಗಿದ್ದಳು.

ನಾನು ಚಪ್ಪಲಿಯಲ್ಲೇ ಆಂಟಿಯ ಮನೆಯೊಳಗೆ ನುಗ್ಗಿದೆ. ಮೇಜಿನ ನಡುವೆ ಅಮ್ಮನ ಪಾತ್ರೆ, ಮುಚ್ಚಳ ತೆಗೆದಿತ್ತು. ಒಂದು ಕಡೆ ಆಂಟಿ, ಅಂಕಲ್. ಇನ್ನೊಂದು ಕಡೆ ಅಮ್ಮ, ಏನೂ ಅರಿಯದೆ ನಗುತ್ತ. ನನ್ನ ಮಗಳು, "ಪೋಪೋ, ನಾವು ಎವ್ರಿ ಫ್ರೈಡೇ ತಿಂತೀವಿ ಲಾ. ಅಮ್ಮಂಗೆ ತಲೆ ಪೀಸೇ ಬೇಕು" ಎಂದು ಹೇಳಿ ಮುಗಿಸಿದ್ದಳು.

ಆಂಟಿ ನನ್ನ ಕಡೆ ನೋಡಿದರು. ಮುಖದಲ್ಲಿ ನಗು ಇರಲಿಲ್ಲ. "ಎಂಟು ವರ್ಷ" ಎಂದರು. ನಾನು ಸಾರಿ ಆಂಟಿ, ಸಾರಿ ಎಂದು ತೊದಲಿದೆ, ಬಾಣಲೆಯ ವಿಷಯ ಎತ್ತಿದೆ. ಅವರು ಕೈಯಾಡಿಸಿದರು. "ಬಾಣಲೆ ಬಿಡು. ಮೀನು ತಿಂದ್ರೆ ನಂಗೇನು ಕೋಪ? ಆದ್ರೆ ಇಷ್ಟು ವರ್ಷ ನೀನ್ಯಾರು ಅಂತಾನೇ ನಂಗೆ ಗೊತ್ತಿರ್ಲಿಲ್ವಲ್ಲ. ನನ್ನ ನಂಬಿ ಮಗೂನ ಬಿಟ್ಟೆ, ಇದನ್ನ ಮಾತ್ರ ಹೇಳ್ಲಿಲ್ಲ. ಯಾಕೆ?"

ನನಗೆ ಅಳು ಬಂತು. ಅಳುತ್ತಲೇ ಹೇಳಿದೆ. ನಾನು ಚಿಕ್ಕವಳಿದ್ದಾಗ ಬೆಂಗಳೂರಿನಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡು ಬಾಡಿಗೆ ಮನೆ ಹುಡುಕುತ್ತಿದ್ದ. ಮನೆ ಮಾಲೀಕರು ಯಾವ ಜನ ಎಂದು ಕೇಳುತ್ತಿದ್ದರು. ಯಹೂದಿಗಳು ಎಂದರೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ್ದಕ್ಕೆ ಮನೆ ಇಲ್ಲ ಎನ್ನುತ್ತಿದ್ದರು. ಕೊನೆಗೊಂದು ಮನೆಯಲ್ಲಿ ಅಪ್ಪ, "ನಾವು ವೆಜಿಟೇರಿಯನ್ನು ಸಾರ್" ಎಂದ, ಅಷ್ಟೆ. ಬೇರೇನೂ ಕೇಳದೆ ಬೀಗದ ಕೈ ಕೊಟ್ಟರು. ಆ ಮನೆಯಲ್ಲಿದ್ದಷ್ಟು ದಿನವೂ ಕಿಟಕಿ ಮುಚ್ಚಿಯೇ ಮೀನು ಬೇಯಿಸಿದೆವು. "ನೀವು ಲಿಫ್ಟಲ್ಲಿ ಕೇಳಿದಾಗ ಅದೇ ಬಾಯಿಗೆ ಬಂತು ಆಂಟಿ. ನಂಗೆ ಬೇರೆ ಉತ್ತರ ಕಲಿಸಿರಲಿಲ್ಲ."

ನಮ್ಮ ಇಂಗ್ಲಿಷಿನಲ್ಲಿ ಅಮ್ಮನಿಗೆ ಅರ್ಧ ತಿಳಿದಿರಬೇಕು, ಉಳಿದರ್ಧ ನನ್ನ ಕಣ್ಣೀರಿನಿಂದ ತಿಳಿಯಿತು. ನಮ್ಮದು ಕೊಂಕಣದ ಕಡೆಯ ಮನೆತನ, ಮನೆಮಾತು ಮರಾಠಿ, ಆದರೆ ಬೈಯುವುದಕ್ಕೆ ಅಮ್ಮನಿಗೆ ಕನ್ನಡವೇ ಬೇಕು. "ಥೂ, ದಡ್ಡಿ" ಎಂದಳು. "ನಿಮ್ಮಪ್ಪ ಸುಳ್ಳು ಹೇಳಿದ್ದು ಮನೆ ಸಿಗ್ಲಿ ಅಂತ ಕಣೇ. ನಿಂಗೆ ಮನೆ ಸಿಕ್ಕಿ ಎಂಟು ವರ್ಷ ಆಯ್ತಲ್ಲ."

"ಏನಂದ್ರು?" ಎಂದು ಆಂಟಿ ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಂಟಿ ಅಮ್ಮನ ಪಾತ್ರೆ ಎಳೆದುಕೊಂಡು, ಅನ್ನದ ಮೇಲೆ ಸಾರು ಸುರಿದು, ಮೀನಿನ ಮುಳ್ಳು ಬಿಡಿಸಿ ಮೊದಲ ತುಂಡನ್ನು ನನ್ನ ಮಗಳ ತಟ್ಟೆಗೆ ಹಾಕಿದರು. ಎಂದಿನ ಹಾಗೆ ಮೊದಲ ತುತ್ತು ಅವಳಿಗೇ. ಅಂಕಲ್ ಇಷ್ಟಕ್ಕೇ ಕಾದಿದ್ದವರಂತೆ ತಮ್ಮ ತಟ್ಟೆಯನ್ನೂ ಮುಂದೆ ಚಾಚಿದರು.

"ಇನ್ಮೇಲೆ ಸುಲಭವಾದದ್ದು ಹೇಳ್ಬೇಡ, ನಿಜ ಹೇಳು" ಎಂದರು ಆಂಟಿ, ಬಾಯಲ್ಲಿ ಮೀನಿಟ್ಟುಕೊಂಡು. "ಈಗ ಹೇಳು, ನಿಮಗೂ ಹಬ್ಬ ಗಿಬ್ಬ ಇಲ್ವಾ? ಯಾವಾಗ?"

ಇವತ್ತು ಸಂಜೆಯೇ ಎಂದೆ. ಹೇಳುವಾಗಲೇ ಹೊಳೆದದ್ದು, ಎಂಟು ವರ್ಷ ಇವರ ಹಬ್ಬದ ಊಟ ಉಂಡಿದ್ದೇನೆ, ನನ್ನ ಒಂದು ಹಬ್ಬಕ್ಕೂ ಇವರನ್ನು ಕರೆದಿಲ್ಲ. ಹಬ್ಬವೇ ಇಲ್ಲದವಳಂತೆ ಬದುಕಿ, ಪ್ರತಿ ದೀಪವನ್ನೂ ಪರದೆ ಎಳೆದು ಹಚ್ಚಿದ್ದೇನೆ. ಸೆರಗಿಲ್ಲದ ಕುರ್ತಾದ ತೋಳಿನಲ್ಲೇ ಮೂಗೊರೆಸಿಕೊಂಡೆ.

"ಆಂಟಿ, ನಾವು ಯಹೂದಿಗಳು" ಎಂದೆ. "ಏಳು ಗಂಟೆಗೆ ದೀಪ ಹಚ್ತೀವಿ. ನೀವಿಬ್ರೂ ಬರ್ಬೇಕು."