ಪುಸ್ತಕದಲ್ಲಿಲ್ಲದ ಕೊನೆ

ನನಗೆ ಹದಿನೈದು ವರ್ಷವಾಗಿದ್ದಾಗ ಒಂದು ಕಾದಂಬರಿಯ ಕೊನೆಯನ್ನು ಬದಲಿಸಿ ಓದಿದೆ. ಅದರಿಂದ ಹುಟ್ಟಿದ ಹೆದರಿಕೆ ಒಂದೂವರೆ ತಿಂಗಳು ನನಗೆ ಅನ್ನ ಸೇರದ ಹಾಗೆ ಮಾಡಿತು.

ಆಗ ನಾವು ಕೊಪ್ಪಳದಲ್ಲಿ, ಕೋಟೆಯ ಕಡೆಗೆ ಹೋಗುವ ಓಣಿಯೊಂದರಲ್ಲಿ ಇದ್ದೆವು. ಅಪ್ಪನದು ಕಾಳುಕಡಿಯ ವ್ಯಾಪಾರ. ನಿಜಾಮರ ಆಡಳಿತವಾದ್ದರಿಂದ ಸಾಲೆಯಲ್ಲಿ ಕಲಿಸುತ್ತಿದ್ದುದು ಉರ್ದು. ನನಗೆ ಕನ್ನಡ ಅಕ್ಷರ ತಿದ್ದಿಸಿದವನು ಅಣ್ಣ. ಅವನು ಗಡಿಯಾಚೆ, ಬ್ರಿಟಿಷರ ಸೀಮೆಯ ಗದಗಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ಊರಿಗೆ ಬಂದಾಗಲೆಲ್ಲ ಅಂಗಿಗಳ ಮಡಿಕೆಯೊಳಗೆ ಒಂದೆರಡು ಕನ್ನಡ ಕಾದಂಬರಿ ಇಟ್ಟುಕೊಂಡು ಬರುತ್ತಿದ್ದ. ಗಡಿಯಲ್ಲಿ ಕರೋಡಗಿರಿಯವರು, ಅಂದರೆ ಸುಂಕದವರು, ಗಂಟು ಬಿಚ್ಚಿಸಿ ನೋಡುತ್ತಿದ್ದರು. ಆ ಕಡೆಯ ಪುಸ್ತಕ ಕಂಡರೆ ಅವರು ಏನೆನ್ನುತ್ತಾರೋ ಎಂಬ ಅಳುಕು ಅವನಿಗೆ. ಮನೆಗೆ ಬಂದ ಮೇಲೆ ಆ ಅಳುಕು ನನಗೆ ಬರುತ್ತಿತ್ತು. ನನ್ನ ಮದುವೆಯ ಮಾತು ಅಲ್ಲಲ್ಲಿ ನಡೆದಿತ್ತು. ಪ್ರೀತಿಯ ಕಥೆ ಓದಿದ ಹುಡುಗಿಗೆ ಗಂಡನ ಮನೆ ಹಿಡಿಸುವುದಿಲ್ಲ ಎಂದು ಅವ್ವ ನಂಬಿದ್ದಳು.

ನನ್ನನ್ನು ಉಳಿಸಿದವಳು ಆಯಿ, ಅಪ್ಪನ ತಾಯಿ.

“ಒಬ್ಬಾಕಿನ ಮೂಲ್ಯಾಗ ಕುಂತು ಓದಿದ್ರ ಕೆಡ್ತಾಳ,” ಎಂದಳು ಆಯಿ. “ಎಲ್ಲಾರ ಮುಂದ ಜೋರಾಗಿ ಓದ್ಲಿ. ನಾವೂ ಕೇಳ್ತೀವಿ, ಕೌದಿನೂ ಆಗ್ತಾವ.”

ಹೀಗೆ ಮಧ್ಯಾಹ್ನದ ಓದು ಶುರುವಾಯಿತು. ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹಾಸಿ ಓಣಿಯ ಐದಾರು ಹೆಂಗಸರು ಕೌದಿ ಹೊಲಿಯುತ್ತಿದ್ದರು. ನಾನು ಕಂಬಕ್ಕೆ ಒರಗಿ ಓದುತ್ತಿದ್ದೆ. ಆಯಿಗೆ ಒಂದಕ್ಷರವೂ ಬರುತ್ತಿರಲಿಲ್ಲ, ಆದರೆ ಕಥೆಯನ್ನು ಅವಳಷ್ಟು ಬಿಗಿಯಾಗಿ ಹಿಡಿದು ಕೇಳುವವರನ್ನು ನಾನು ಆಮೇಲೂ ಕಾಣಲಿಲ್ಲ. ನಾಯಕನ ಮೂಗು ಕಣ್ಣಿನ ವರ್ಣನೆ ಬಂದರೆ, “ಅದನ್ನ ಬಿಡು, ಅವ ಏನು ಕೆಲಸಾ ಮಾಡ್ತಾನ ಹೇಳು,” ಎನ್ನುತ್ತಿದ್ದಳು. ಇಬ್ಬರೂ ಮೊದಲನೆಯ ನೋಟಕ್ಕೇ ಒಲಿದರೆ ಅವಳಿಗೆ ಸಿಟ್ಟು. “ಇನ್ನ ಇನ್ನೂರು ಹಾಳಿ ಏನು ಓದ್ತಿ? ಮುಗೀತಲ್ಲ.” ತಪ್ಪು ಮಾಡಿದವನು ಬರೀ ಬಂದು ಎದುರು ನಿಂತು, ನಾಯಕಿ ಅತ್ತು ಕಾಲಿಗೆ ಬಿದ್ದು ಕಥೆ ಮುಗಿದರೆ ಆಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದೇ ಹೋಗುತ್ತಿದ್ದಳು. “ತಪ್ಪಾತು ಅಂತ ಬಾಯಿಬಿಟ್ಟು ಅನಬೇಕು ಅವ. ಆಕಿನೂ ಲಗೂನ ಹೂಂ ಅನ್ನದ ತಟಗು ತಡೀಬೇಕು. ಅವಾಗ ನಮಗ ಹೊಟ್ಟಿತುಂಬ ಉಂಡಂಗ ಆಗ್ತದ.”

ಕೇಳಲು ಬರುತ್ತಿದ್ದವರಲ್ಲಿ ಓಣಿಯ ಕೊನೆಯ ಮನೆಯ ಹುಡುಗಿ ಒಬ್ಬಳಿದ್ದಳು. ನನಗಿಂತ ಮೂರು ವರ್ಷ ದೊಡ್ಡವಳಾದ್ದರಿಂದ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳನ್ನು ಯಲಬುರ್ಗಿಗೆ ಕೊಟ್ಟಿದ್ದರು. ಗಂಡ ಬಂಡಿ ಮಾಡುವ ಬಡಿಗ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು, ಹುಟ್ಟಿದ ಕೂಸು ಮೂರನೆಯ ದಿನ ಹೋಯಿತು. ಗಂಡನ ಮನೆಯಿಂದ ಒಂದು ಆಳನ್ನು ಕಳಿಸಿ ವಿಚಾರಿಸಿದರೇ ಹೊರತು ಅವನು ಬರಲಿಲ್ಲ. ಅವರೇ ಬಂದು ಕರೆದುಕೊಂಡು ಹೋಗಬೇಕು ಎಂದು ಅವಳ ಅಪ್ಪ ಹಟ ಹಿಡಿದ. ನೀವೇ ತಂದು ಬಿಡಿ ಎಂದು ಅವರು ಹೇಳಿಕಳಿಸಿದರು. ಎಂಟು ತಿಂಗಳು ಹಾಗೇ ಕಳೆದಿತ್ತು. ಅವನಿಗೆ ಕುಷ್ಟಗಿಯ ಕಡೆ ಬೇರೆ ಹೆಣ್ಣು ನೋಡುತ್ತಿದ್ದಾರೆ ಎಂಬ ಸುದ್ದಿಯೂ ಸಂತೆಗೆ ಹೋದವರ ಬಾಯಿಂದ ಬಂದಿತ್ತು.

ಅಣ್ಣ ಆ ಸಲ ತಂದಿದ್ದ ಕಾದಂಬರಿಯಲ್ಲಿ, ಯಾರೋ ಹೇಳಿದ ಚಾಡಿಯ ಮಾತು ಕೇಳಿ ಗಂಡ ಹೆಂಡತಿಯನ್ನು ತವರಿನಲ್ಲೇ ಬಿಟ್ಟಿರುತ್ತಾನೆ. ನಾಲ್ಕು ದಿನ ಓದಿದೆವು. ಅಕ್ಕನ ಸೂಜಿ ಆ ನಾಲ್ಕು ದಿನದಲ್ಲಿ ಒಂದು ಗೇಣೂ ಮುಂದೆ ಹೋಗಿರಲಿಲ್ಲ. ಐದನೆಯ ದಿನ ಕೊನೆಯ ಭಾಗ ಓದುತ್ತಿದ್ದಾಗ ನನ್ನ ಕಣ್ಣು ಮುಂದಿನ ಸಾಲುಗಳ ಮೇಲೆ ಓಡಿತು. ಹೆಂಡತಿಗೆ ಜ್ವರ ಬರುತ್ತದೆ, ಗಂಡ ಬರುವಷ್ಟರಲ್ಲಿ ಸಾಯುತ್ತಾಳೆ, ಅವನು ಹೆಣದ ಮುಂದೆ ಅಳುತ್ತಾನೆ. ತಲೆಯೆತ್ತಿ ನೋಡಿದರೆ ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು.

ನಾನು ಹಾಳೆ ತಿರುವಿದೆ, ಓದಲಿಲ್ಲ. ಜ್ವರ ಇಳಿಯಿತು ಎಂದೆ. ಅವಳು ಗಂಡನಿಗೆ ಒಂದು ಪತ್ರ ಬರೆದಳು ಎಂದೆ. ಪುಸ್ತಕದ ಭಾಷೆ ತಪ್ಪಿಹೋಗದಂತೆ ನಡುನಡುವೆ “ಆಕೆಯ ಹೃದಯವು ಕಂಪಿಸಿತು” ಎಂಬಂಥ ಮಾತು ಸೇರಿಸುತ್ತ, ಲೆಕ್ಕಕ್ಕೆ ಸರಿಯಾಗಿ ಹಾಳೆ ತಿರುವುತ್ತ ಗಂಡನನ್ನು ಮನೆಯ ಬಾಗಿಲಿಗೆ ತಂದು ನಿಲ್ಲಿಸಿದೆ.

“ಬಂದು ಏನಂದ?” ಎಂದಳು ಆಯಿ.

“ತಪ್ಪಾಯಿತು ಎಂದನು.”

“ಆಕಿ?”

“ಕೂಡಲೇ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ನೀರು ತಂದು ಕೊಟ್ಟಳು.”

ಆಯಿ ನಿಟ್ಟುಸಿರು ಬಿಟ್ಟು, “ಇದು ಛಲೋ ಆತು ನೋಡು,” ಎಂದಳು. ಹೆಂಗಸರು ತಲೆಯಾಡಿಸಿದರು. ನನಗೆ ಒಳಗೊಳಗೇ ಹಿಗ್ಗಾಗಿದ್ದು ನಿಜ. ಆ ಹಿಗ್ಗು ಮರುದಿನದವರೆಗೂ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಬಾವಿಯ ಹತ್ತಿರ ಅಕ್ಕ ನನ್ನ ಕೊಡ ಹಿಡಿದು ನಿಲ್ಲಿಸಿದಳು.

“ತಂಗಿ, ನನಗೊಂದು ಪತ್ರ ಬರ್ದುಕೊಡು. ಅವರಿಗೆ.”

“ನಿಮ್ಮಪ್ಪಗ ಗೊತ್ತಾದ್ರ?”

“ಆ ಪುಸ್ತಕದಾಗಿನ ಆಕಿಗೂ ಅಪ್ಪ ಇದ್ದ. ಆಕಿ ಬರದಳಲ್ಲ.”

ಅದು ಪುಸ್ತಕದಲ್ಲಿಲ್ಲ, ನಾನು ಕಟ್ಟಿದ್ದು ಎಂದು ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಹೇಳಿದರೆ ಅವಳ ಮುಖದ ಮೇಲಿದ್ದ ಆ ಗೆಲುವು ಹೋಗುತ್ತದೆ ಎಂಬುದು ಒಂದು ಹೆದರಿಕೆ, ಇಷ್ಟು ದಿನ ಓದಿದ್ದರಲ್ಲಿ ಎಷ್ಟು ಸುಳ್ಳು ಎಂದು ಆಯಿ ಕೇಳುತ್ತಾಳೆ ಎಂಬುದು ಇನ್ನೊಂದು. ದನದ ಕೊಟ್ಟಿಗೆಯ ಹಿಂದೆ ಕುಳಿತು ಪತ್ರ ಬರೆದೆ. ಅಕ್ಕ ಹೇಳಿದ್ದು ಎರಡೇ ಮಾತು. ನಾನು ಕಾದಂಬರಿಗಳ ರೀತಿಯಲ್ಲಿ ಎರಡು ಪುಟ ಮಾಡಿದೆ: ಚರಣಕಮಲ, ವಿರಹಾಗ್ನಿ, ಬಾಡಿದ ಲತೆ, ಎಲ್ಲ ಇದ್ದವು. ಓದಿ ಹೇಳಿದಾಗ ಅಕ್ಕ, “ಭಾಳ ಛಂದ ಐತಿ, ನನಗ ತಿಳೀವಲ್ದು ಅಷ್ಟ,” ಎಂದಳು. ಟಪಾಲು ಪೆಟ್ಟಿಗೆಗೆ ಹಾಕಿ ಬಂದವಳು ನಾನೇ.

ಆಮೇಲೆ ಕಾಯುವುದು. ಪತ್ರ ಅವಳ ಮಾವನ ಕೈಗೆ ಸಿಕ್ಕರೆ? ಮನೆಯ ಮಾತನ್ನು ಊರಿಗೆ ಹಾಕಿದಳೆಂದು ನೆಪ ಮಾಡಿ ಅವಳನ್ನು ಪೂರ್ತಿ ಬಿಟ್ಟರೆ? ಬರೆದ ಕೈ ಯಾರದೆಂದು ಗೊತ್ತಾದರೆ ನನ್ನ ಮದುವೆಯ ಮಾತಿನ ಗತಿ ಏನು? ಟಪಾಲಿನವನ ಸೈಕಲ್ಲಿನ ಗಂಟೆ ಕೇಳಿದರೆ ಕೈಯ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಹೊಸ ಕಾದಂಬರಿ ಹಿಡಿದರೂ ಒಂದು ಪುಟ ದಾಟುತ್ತಿರಲಿಲ್ಲ. ಅವ್ವ ನನಗೆ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು.

ಇಪ್ಪತ್ತು ದಿನ ಕಳೆದವು. ಹಬ್ಬಕ್ಕೆ ಅಣ್ಣ ಬಂದ. ಮಧ್ಯಾಹ್ನ ಹೆಂಗಸರು ಸೇರಿದಾಗ ನಾನು ಜ್ವರ ಬಂದಂತಾಗಿ ಒಳಗೆ ಮಲಗಿದ್ದೆ. ಆಯಿ ಅವನಿಗೆ, “ನೀ ಓದು ಇವತ್ತ. ಆ ತವರಿಗೆ ಬಂದಾಕಿದು ಐತಲ್ಲ, ಅದರ ಕಡೀದು ಇನ್ನೊಮ್ಮೆ ಕೇಳಬೇಕು,” ಎಂದಳು. ಆ ಮಾತು ಕಿವಿಗೆ ಬಿದ್ದು ನಾನು ಎದ್ದು ಪಡಸಾಲೆಗೆ ಬರುವಷ್ಟರಲ್ಲಿ ಅವನು ಶುರುಮಾಡಿದ್ದ. ಚೆನ್ನಾಗಿ ಓದುತ್ತಿದ್ದ ಅವನು. ಜ್ವರ ಏರಿತು. ಅವಳು ಗಂಡನ ಹೆಸರು ಹೇಳುತ್ತಲೇ ಸತ್ತಳು. ಗಂಡ ಹೆಣದ ಮುಂದೆ ಅತ್ತ.

ಆಯಿ ನನ್ನನ್ನು ನೋಡಿದಳು. ಅಕ್ಕ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ತಲೆಗೂದಲಿಗೆ ಸಿಕ್ಕಿಸಿಕೊಂಡು ಮನೆಗೆ ಹೋದಳು.

ಅವಳ ಹಿಂದೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಊಟ ಬಿಟ್ಟೆ. ಮರುದಿನ ಬೆಳಿಗ್ಗೆ ಅವಳ ಮನೆಗೆ ಹೋದಾಗ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಎದುರು ಕುಳಿತು, ನಾನು ಸುಳ್ಳು ಓದಿದೆ, ಆಕೆ ಪತ್ರ ಬರೆಯಲೇ ಇಲ್ಲ, ನಿನಗೆ ಏನಾದರೂ ಆದರೆ ನನ್ನಿಂದಲೇ ಎಂದು ಅಳುತ್ತಲೇ ಹೇಳಿದೆ. ಅವಳು ಬೂದಿಯ ಕೈ ಎತ್ತದೆ ಕೇಳಿದಳು.

“ಪುಸ್ತಕದಾಗಿನ ಆಕಿ ಸತ್ತಾಳಂತ ನಾನೂ ಸಾಯಬೇಕೇನು?” ಎಂದಳು. ತಿಕ್ಕಿದ ಪಾತ್ರೆಯನ್ನು ಬೋರಲು ಹಾಕಿ, “ನೀ ಮಾಡಿದ್ದ ಛಲೋ ಇತ್ತು. ಆದ್ರ ಮೊದಲ ಹೇಳಬೇಕಾಗಿತ್ತು. ನಾ ಆಕಿ ಬರದಾಳಂತ ತಿಳಿದು ಧೈರ್ಯಾ ಮಾಡಿದ್ದೆ,” ಎಂದಳು.

ಆ ಕೊನೆಯ ಮಾತು ನನಗೆ ಈಗಲೂ ಚುಚ್ಚುತ್ತದೆ.

ಆಯಿ ಬೈಯಲಿಲ್ಲ. ಅವಳಿಗೆ ಪತ್ರದ ವಿಷಯವನ್ನೂ ಹೇಳಿಬಿಟ್ಟೆ. “ಹಾಕಿದ್ದು ಹಾಕಿದಿ. ಇನ್ನ ಬಾಯಿ ಮುಚ್ಚಿಕೊಂಡಿರು,” ಎಂದಳಷ್ಟೆ.

ಇನ್ನೂ ಎರಡು ವಾರವಾದ ಮೇಲೆ ಯಲಬುರ್ಗಿಯಿಂದ ಸಂತೆಗೆ ಬಂದ ಬಂಡಿಯವನೊಬ್ಬ ಅಕ್ಕನ ತಾಯಿಯ ಕಿವಿಯಲ್ಲಿ ಸುದ್ದಿ ಹೇಳಿಹೋದ: ಅಳಿಯ ಬರುವ ಮಂಗಳವಾರ ಹುಲಿಗಿಯ ದೇವಿಯ ಗುಡಿಗೆ ಬರುತ್ತಾನೆ, ಹೆಂಡತಿಯನ್ನು ಕಂಡು ಮಾತಾಡಬೇಕಂತೆ. ಮಾತು ಏನೆಂದು ಬಂಡಿಯವನಿಗೆ ಗೊತ್ತಿರಲಿಲ್ಲ. ಬಿಟ್ಟೆನೆಂದು ದೇವಿಯ ಮುಂದೆ ಹೇಳಿಹೋಗಲು ಬರುತ್ತಿದ್ದಾನೆಂದೇ ನಾನು ತಿಳಿದೆ. ಅಕ್ಕನ ಅಪ್ಪನಿಗೆ ಹುಲಿಗೆಮ್ಮನಿಗೆ ಹರಕೆ ಇದೆ ಎಂದು ಹೇಳಿದ್ದಾಯಿತು. ಆಯಿ, ಅಕ್ಕನ ತಾಯಿ, ಅಕ್ಕ, ನಾನು ರೈಲಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅಕ್ಕ ಸೀರೆಯ ಸೆರಗನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಗುಡಿಯಲ್ಲಿ ಕಾಯಿ ಒಡೆಸಿ ಹೊಳೆಯ ಕಡೆ ಬಂದಾಗ ಅವನು ಬೇವಿನ ಗಿಡದ ಕೆಳಗೆ ನಿಂತಿದ್ದ. ನಾನು ಮನಸ್ಸಿನಲ್ಲಿ ಮಾಡಿಕೊಂಡಿದ್ದ ಗಂಡನಂತೆ ಇರಲಿಲ್ಲ. ಗಿಡ್ಡ ಮನುಷ್ಯ, ಹೆಬ್ಬೆರಳಿಗೆ ಉಳಿ ತಾಗಿದ ಗಾಯಕ್ಕೆ ಬಟ್ಟೆ ಕಟ್ಟಿಕೊಂಡಿದ್ದ. ಅತ್ತೆಗೆ, ಆಯಿಗೆ ಕೈಮುಗಿದು, ಅಂಗಿಯ ಒಳಗಿನಿಂದ ಪತ್ರ ತೆಗೆದ.

“ಇದು ಏನಂತ ಬರದದ?” ಎಂದು ಅಕ್ಕನನ್ನು ಕೇಳಿದ.

ಅಕ್ಕ ಗಾಬರಿಯಾದಳು. “ನೀವು ಓದಿಲ್ಲೇನು? ಸಾಲಿಗೆ ಹೋಗೀರಿ ಅಂತಿದ್ರಿ.”

“ನಾ ಕಲ್ತದ್ದು ಉರ್ದು. ಇದು ಕನ್ನಡ. ಕೊಪ್ಪಳ ಅಂತ ಟಪಾಲಿನ ಠಸ್ಸೆ ಉರ್ದುದಾಗ ಇತ್ತು, ಅದನ್ನ ಓದಿ ನಿನ್ನದ ಅಂತ ತಿಳಕೊಂಡೆ.”

“ಯಾರ ಕೈಲಿ ಓದಿಸಲಿಲ್ರಿ?”

“ಏನು ಬರದದೋ ಏನೋ. ಮಂದಿ ಮುಂದ ಹೆಂಗ ಓದಿಸ್ಲಿ?” ಎಂದ.

ಒಂದು ತಿಂಗಳಿಗೂ ಮೇಲೆ ಅದನ್ನು ಹಾಗೇ ಇಟ್ಟುಕೊಂಡು ತಿರುಗಿದ್ದ. ಓದು ಎಂದು ಪತ್ರವನ್ನು ನನ್ನ ಕೈಗೆ ಕೊಟ್ಟರು. ಬಿಚ್ಚಿದೆ. ಚರಣಕಮಲ ಎಂಬ ಮಾತಿಗೇ ನಿಂತುಬಿಟ್ಟೆ. ಹೊಳೆದಂಡೆಯಲ್ಲಿ ಜನ ಸ್ನಾನ ಮಾಡುತ್ತಿದ್ದರು, ಬಟ್ಟೆ ಹಿಂಡುತ್ತಿದ್ದರು. ಅವರ ನಡುವೆ ಆ ಶಬ್ದಗಳು ಯಾರೋ ಬೇರೆಯವರ ಬಟ್ಟೆ ಉಟ್ಟುಕೊಂಡಂತೆ ಕಂಡವು. ಅಕ್ಕ ನನ್ನ ಕೈಯಿಂದ ಪತ್ರ ತೆಗೆದುಕೊಂಡಳು.

“ನಾನ ಹೇಳ್ತೀನಿ,” ಎಂದಳು. “ಕೂಸು ಹೋದಾಗ ನೀವು ಬರಲಿಲ್ಲ. ಅಷ್ಟ ಬರದದ ಇದರಾಗ.”

ಅವನು ನೆಲ ನೋಡಿದ. ನಾನು ಆಯಿಯ ಕಡೆ ನೋಡಿದೆ. ಅವಳು ಕಥೆ ಕೇಳುವಾಗಿನ ಹಾಗೆಯೇ ಕುತ್ತಿಗೆ ಮುಂದೆ ಮಾಡಿ ನಿಂತಿದ್ದಳು. ತಪ್ಪಾಯಿತು ಎನ್ನುತ್ತಾನೆಂದು ನಾನು ಕಾದೆ. ಅವನು ಅನ್ನಲಿಲ್ಲ.

“ತೊಟ್ಟಿಲಾ ಮಾಡಿ ಇಟ್ಟಿದ್ದೆ,” ಎಂದ. “ಸುದ್ದಿ ಬಂತು. ನಿನ್ನ ಮುಂದ ಬಂದು ನಿಂದ್ರಾಕ ಹೆದರಿಕಿ ಆತು. ತಡಾ ಆದಂಗ ಮತ್ತಿಷ್ಟು ಆತು.”

“ಕುಷ್ಟಗಿ ಹುಡುಗಿ?”

“ಅವ್ವ ಅಂತಾಳ. ನಾ ಹೂಂ ಅಂದಿಲ್ಲ.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಅಲ್ಲಿಂದಲೇ ಅವನ ಜೊತೆ ಹೋಗುತ್ತಾಳೆಂದು ಅವಳ ತಾಯಿ ಆಗಲೇ ಗಂಟು ಎತ್ತಿಕೊಡಲು ಬಗ್ಗಿದ್ದಳು. ಅಕ್ಕ ತಡೆದಳು.

“ಇಲ್ಲಿಂದ ಬರೂದಿಲ್ರಿ ನಾ. ನಮ್ಮ ಮನಿಗೆ ಬರ್ರಿ. ಅಪ್ಪನ ಮುಂದ ಕುಂತು ಊಟಾ ಮಾಡಿ ಕರಕೊಂಡು ಹೋಗ್ರಿ.”

ಅವನು ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಹೋದ. ವಾಪಸು ಬರುವಾಗ ಅಕ್ಕನ ತಾಯಿ ರೈಲಿನಲ್ಲಿ ತಲೆ ತಲೆ ಬಡಿದುಕೊಂಡಳು, ಸಿಕ್ಕವನನ್ನು ಕಳಿಸಿಬಿಟ್ಟಳೆಂದು. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ತಟಗು ತಡೀಬೇಕು ಎಂದು ಪಡಸಾಲೆಯಲ್ಲಿ ಹೇಳುತ್ತಿದ್ದ ಆಯಿಯೂ ಆ ದಿನ ಜಪಮಾಲೆ ಬಿಡಲಿಲ್ಲ.

ಹನ್ನೊಂದು ದಿನ ಅವನ ಸುಳಿವಿರಲಿಲ್ಲ. ಹನ್ನೆರಡನೆಯ ದಿನ ತಾನೇ ಮಾಡಿದ ಬಂಡಿ ಹೂಡಿಕೊಂಡು ಬಂದ, ತಾಯಿಯನ್ನೂ ಕೂರಿಸಿಕೊಂಡು. ತಾಯಿಯ ಮುಖ ಗಂಟಾಗಿತ್ತು, ಆದರೆ ಬಂದಿದ್ದಳು. ಅಕ್ಕ ಹೋದಳು. ಆ ಮನೆಯಲ್ಲಿ ಅವಳಿಗೆ ಸುಖವೇ ಇತ್ತೆಂದು ಹೇಳಲಾರೆ. ಅತ್ತೆ ಬಹಳ ವರ್ಷ ಅವಳೊಂದಿಗೆ ನೇರವಾಗಿ ಮಾತಾಡಲಿಲ್ಲ. ಆದರೆ ಆಮೇಲೆ ಮಕ್ಕಳಾದವು, ಉಳಿದವು. ಪ್ರತಿ ಹೆರಿಗೆಗೂ ಅವನು ಹತ್ತು ದಿನ ಮುಂಚೆಯೇ ಕೊಪ್ಪಳಕ್ಕೆ ಬಂದು ಅವಳ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ.

ನನ್ನ ಓದು ನಡೆದೇ ಇತ್ತು. ಆದರೆ ಯಾವ ಕೊನೆ ಬಂದರೂ ಆಯಿ ಸೂಜಿ ನಿಲ್ಲಿಸಿ, “ಇದು ಪುಸ್ತಕದ್ದೋ, ನಿಂದೋ?” ಎಂದು ಕೇಳುತ್ತಿದ್ದಳು. ಪುಸ್ತಕದ್ದು ಎಂದರೆ ಕೆಲವು ಸಲ, “ನಿಂದಿದ್ರ ಹೇಳು, ಅದನ್ನೂ ಕೇಳೂಣು,” ಎನ್ನುವಳು. ನಾನು ಹೇಳುತ್ತಿರಲಿಲ್ಲ. ಹೊಳೆದಂಡೆಯಲ್ಲಿ ಅಕ್ಕನ ಗಂಡನ ಮಾತು ಕೇಳಿದ ಮೇಲೆ ನಾನು ಕಟ್ಟಿದ ಆ ‘ತಪ್ಪಾಯಿತು’ ಎಂಬ ಮಾತು ನನಗೇ ಸಪ್ಪಗೆ ಕಾಣತೊಡಗಿತ್ತು. ಅಂದಿನಿಂದ ಕಾದಂಬರಿ ಹಿಡಿದರೆ ಗಂಡ ಹೆಂಡಿರು ಕೂಡುತ್ತಾರೋ ಇಲ್ಲವೋ ಎಂಬುದಕ್ಕಿಂತ, ಇಷ್ಟು ದಿನ ಯಾಕೆ ಬರಲಿಲ್ಲ ಎಂಬುದಕ್ಕೆ ಅವನು ಏನು ಹೇಳುತ್ತಾನೆ ಎಂದು ಹುಡುಕುತ್ತಿದ್ದೆ. ಆ ಮಾತು ನಿಜವೆನಿಸಿದರೆ ಕೊನೆ ಹೇಗಿದ್ದರೂ ನನಗೆ ನಡೆಯುತ್ತಿತ್ತು.

ಮರುವರ್ಷ ನನ್ನನ್ನು ಗಂಗಾವತಿಗೆ ಕೊಟ್ಟರು. ವರ ಹೇಗಿದ್ದಾನೆಂದು ನಾನು ಸರಿಯಾಗಿ ನೋಡಿರಲಿಲ್ಲ. ಅರಿಸಿನ ಹಚ್ಚುವ ದಿನ ಅಕ್ಕ ಬಗಲಲ್ಲಿ ಕೂಸು ಎತ್ತಿಕೊಂಡು ಬಂದು ಪಕ್ಕದಲ್ಲಿ ಕುಳಿತಳು.

“ಅವರಿಗೆ ಕನ್ನಡಾ ಓದಾಕ ಬರ್ತದೇನು?” ಎಂದು ಕೇಳಿದಳು.

“ಗೊತ್ತಿಲ್ಲ,” ಎಂದೆ.

“ಕೇಳಬೇಕಾಗಿತ್ತು,” ಎಂದು ನನ್ನ ಕೈಗೆ ಅರಿಸಿನ ಹಚ್ಚತೊಡಗಿದಳು.