ಝಳಕಿ ಹತ್ತಿರದ ಕಲ್ಲು

ದೆವ್ವ, ಮಾಟ, ಪವಾಡ ಎಂದರೆ ನಗುತ್ತಿದ್ದವನು ನಾನು. ಧೈರ್ಯವಂತನೆಂದಲ್ಲ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ಸಿನಿಂದಿಳಿದು ಮನೆಗೆ ಓಡುವವರ ಪೈಕಿ. ಇದ್ದ ಚಿಂತೆಗಳೇ ಸಾಕಾಗಿದ್ದವು, ಇಲ್ಲದ್ದಕ್ಕೆ ಪುರಸೊತ್ತಿರಲಿಲ್ಲ, ಅಷ್ಟೇ.

ಆಗ ಸಿಂದಗಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸಲು ಸೇರಿದ ಹೊಸತು. ಶಾಸನ ಓದಲು ಬಾರದೆ ನನ್ನ ಪಿಎಚ್.ಡಿ. ಮುಗಿಯುವಂತಿರಲಿಲ್ಲ, ಅದು ಮುಗಿಯದೆ ನೌಕರಿ ಕಾಯಂ ಆಗುವಂತಿರಲಿಲ್ಲ. ಹಳೆಯ ಲಿಪಿಯೋ, ನನ್ನ ಕಣ್ಣಿಗೆ ಕೋಳಿ ಕೆದರಿದ ಹಾಗಿತ್ತು. ವಿಭಾಗದ ಹಿರಿಯ ಪ್ರಾಧ್ಯಾಪಕರು ಕನಿಕರಪಟ್ಟು, ಭಾನುವಾರ ಬಂತೆಂದರೆ ಬೈಕಿನ ಹಿಂದೆ ಕೂರಿಸಿಕೊಂಡು ಊರೂರು ಕಲ್ಲು ತೋರಿಸುತ್ತಿದ್ದರು. ಬೈಯುತ್ತಲೂ ಇದ್ದರು. “ಅಕ್ಷರ ಅಂದ್ರ ಎಮ್ಮಿ ಅಲ್ಲೋ ತಮ್ಮಾ, ಒದರಿದ ಕೂಡ್ಲೆ ಬರಾಕ. ಸುಮ್ನ ನೋಡ್ಕೋತ ಕುಂದರು.”

ಹಾಗೇ ಒಂದು ಸಂಜೆ ಝಳಕಿ ಹತ್ತಿರದ ಹೊಲದಲ್ಲಿ ಶಾಸನವೊಂದರ ಮುಂದೆ ಕೂತಿದ್ದೆವು. ಸರ್ ಎಂದಿನಂತೆ ಕಲ್ಲಿಗೆ ಜೋಳದ ಹಿಟ್ಟು ಸವರಿದರು. ಅಕ್ಷರ ಬೆಳ್ಳಗೆ ಎದ್ದವು. ನಾನು ಓದಿದೆ. ಮೊದಲ ಸಾಲಿನಿಂದ ಕೊನೆಯವರೆಗೆ, ಪೇಪರ್ ಓದಿದ ಹಾಗೆ. ಯಾರೋ ಹೆಣ್ಣುಮಗಳು ಗುಡಿಯ ದೀಪಕ್ಕೆಂದು ಹೊಲ ಬಿಟ್ಟುಕೊಟ್ಟಿದ್ದಳು. ಶಬಾಷ್ ಅನ್ನುತ್ತಾರೆಂದು ತಿರುಗಿ ನೋಡಿದೆ.

ಸರ್ ಕಲ್ಲಿನ ಮೇಲೆ ಬೆರಳಾಡಿಸುತ್ತಿದ್ದರು. “ಎಲ್ಲಿ ಅದಾಳೋ ಹೆಣ್ಮಗಳು?”

“ಇಲ್ಲೇ ಅದಾಳಲ್ರಿ ಸರ್, ನಿಮ್ಮ ಬೆರಳ ಕೆಳಗ.”

“ನನಗೊಂದೂ ತಿಳೀವಲ್ದು.”

ಪರೀಕ್ಷೆ ಮಾಡುತ್ತಿದ್ದಾರೆಂದು ನಕ್ಕೆ. ಅವರು ನಗಲಿಲ್ಲ. ಇನ್ನೊಮ್ಮೆ ಕಲ್ಲು ಸವರಿ ನೋಡಿ, “ನಿನಗ ಬಂತಲ್ಲೋ? ಆತು, ನಡಿ” ಎಂದು ಕೈ ಝಾಡಿಸಿಕೊಂಡು ಎದ್ದರು.

ಆಮೇಲೆ ಅವರಿಗೆ ಹಳೆಯ ಲಿಪಿ ಬರಲೇ ಇಲ್ಲ. ಪೇಪರ್ ಓದುತ್ತಿದ್ದರು, ಪಾಠ ಮಾಡುತ್ತಿದ್ದರು, ಉಳಿದದ್ದೆಲ್ಲ ನೆಟ್ಟಗಿತ್ತು. ಡಾಕ್ಟರು ವಯಸ್ಸು ಎಂದರು. ಇರಬಹುದು. ಆದರೆ ವಯಸ್ಸು ಹೀಗೆ ಒಂದನ್ನೇ ಆರಿಸಿ ಒಯ್ಯುತ್ತದೆಯೇ, ಅದೂ ಅದೇ ಸಂಜೆ? ನನ್ನ ಪಿಎಚ್.ಡಿ. ಆಯಿತು, ನೌಕರಿ ಕಾಯಂ ಆಯಿತು. ಖುಷಿಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಹಲ್ಲು ಕೀಳಿಸಲು ಸೂಜಿ ಚುಚ್ಚಿದ ದವಡೆಯ ಹಾಗೆ, ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ.

ಈಗ ಮುದ್ದೇಬಿಹಾಳದಲ್ಲಿ ನಾನೇ ವಿಭಾಗದ ಹಿರಿಯ. ಹೊಸದಾಗಿ ಬಂದ ಮೇಡಂ ಒಬ್ಬರದೂ ಶಾಸನದ ಹತ್ತಿರವೇ ಪಿಎಚ್.ಡಿ. ನಿಂತಿದೆ. “ಸರ್, ನನಗೂ ಕಲಿಸ್ರಿ, ಎಷ್ಟ್ ಬೇಕಾದ್ರೂ ಬೈರಿ” ಎಂದು ಬೆನ್ನು ಹತ್ತಿದರು. ಬಿಸಿಲು, ಮೊಣಕಾಲು ನೋವು ಎಂದು ತಳ್ಳಿ ತಳ್ಳಿ, ಹೋದ ಭಾನುವಾರ ಕರೆದುಕೊಂಡು ಹೋದೆ. ಸಂಜೆತನಕ ಕೂತು ತೋರಿಸಿದೆ. ಮನೆಗೆ ಬಂದವನೇ, ಚಪ್ಪಲಿ ಸಹ ಬಿಡದೆ, ಮೊಬೈಲಿನಲ್ಲಿದ್ದ ಶಾಸನವೊಂದರ ಫೋಟೋ ದೊಡ್ಡದು ಮಾಡಿ ನೋಡಿದೆ. ಓದಲು ಬಂತು.

ಮೇಡಂ ಅವರಿಗೆ ಇನ್ನೂ ಬಂದಿಲ್ಲ.